ಒಂಬತ್ತನೇ ಮೊಳೆ

ನಾನು ಒಂದು ರೊಟ್ಟಿ ಮಣೆ. ಅದಕ್ಕೂ ಮೊದಲು ಬಾಗಿಲಾಗಿದ್ದೆ. ಅದಕ್ಕಿಂತ ಹಿಂದೆ ಮರವಾಗಿದ್ದಿರಬೇಕು, ಆದರೆ ಆ ಕಾಲ ನನಗೆ ನೆನಪಿಲ್ಲ. ಮರವಾಗಿದ್ದ ದಿನಗಳ ಬಗ್ಗೆ ಕತೆ ಹೇಳುವ ಹಲಗೆಗಳನ್ನು ನಾನು ಪೂರ್ತಿ ನಂಬುವುದಿಲ್ಲ.

ನನ್ನನ್ನು ಮಣೆ ಮಾಡಿದವನು ನರಗುಂದದ ಮೌನೇಶ ಬಡಿಗೇರ. ಒಂದು ಹಳೆಯ ಮನೆಗೆ ಕಬ್ಬಿಣದ ಬಾಗಿಲು ಬಂತು, ತೇಗದ ಬಾಗಿಲು ಬೀದಿಗೆ ಬಿತ್ತು. ಅದರ ಅರ್ಧ ಕದವನ್ನು ಅವನು ಕೊಯ್ದು, ಕೀಸಿ, ನುಣುಪು ಮಾಡಿದ. ಚಿಲಕವಿದ್ದ ತೂತಿಗೆ ಒಂದು ಬೆಣೆ ಬಡಿದ. ಬೆಣೆಯ ಸುತ್ತ ಕೂದಲೆಳೆಯಷ್ಟು ಬಿರುಕು ಉಳಿಯಿತು. ಅವನು ಅದನ್ನು ಕಂಡ. ಸ್ವಲ್ಪ ಮೇಣ ಸವರಿ, ಸುಮ್ಮನಾದ.

"ಮಗಳಿಗೆ ಕೊಡು. ಮೊಮ್ಮಗಳ ತನಕಾ ಬರ್ತೈತಿ" ಎಂದು ನೀಲಗಂಗವ್ವನ ಅಪ್ಪನ ಕೈಗೆ ನನ್ನನ್ನು ಕೊಟ್ಟ.

ಹೀಗೆ ನಾನು ಮದುವೆಯ ಸಾಮಾನಿನ ಜೊತೆ ಮೂರು ಗಾಲಿಯ ಟಂಟಂ ಗಾಡಿ ಹತ್ತಿದೆ. ಗಾಡಿ ಮದುಮಗ ಯಲ್ಲಪ್ಪನದೇ.

ಬಾಗಿಲಿಗೆ ಮನುಷ್ಯರ ಮುಖ ಕಾಣುತ್ತದೆ. ಮಣೆಗೆ ಹಾಗಲ್ಲ. ನನ್ನ ಮೇಲೆ ಬಗ್ಗಿದವರ ಅಂಗೈ, ಮಣಿಕಟ್ಟು, ಗದ್ದ, ಬೆವರಿದರೆ ಮೂಗಿನ ತುದಿ, ಇಷ್ಟೇ ನನ್ನ ಪಾಲಿಗೆ; ಉಳಿದದ್ದನ್ನೆಲ್ಲ ಅವರ ಮಾತಿನಿಂದ ತಿಳಿದುಕೊಂಡೆ. ಎಲ್ಲಕ್ಕಿಂತ ಚೆನ್ನಾಗಿ ಬಲ್ಲದ್ದು ಬಳೆಗಳನ್ನು. ನೀಲಗಂಗವ್ವ ರೊಟ್ಟಿ ಬಡಿಯುವಾಗ ತಪ್ ಎಂದು ಅಂಗೈ ಬೀಳುತ್ತಿತ್ತು, ಹಿಂದೆಯೇ ಝಣ್ ಎಂದು ಬಳೆ ಬೀಳುತ್ತಿತ್ತು. ತಪ್-ಝಣ್, ತಪ್-ಝಣ್. ಆ ಸದ್ದಿನ ಲಯದಲ್ಲಿ ಹಿಟ್ಟು ತಾನಾಗಿಯೇ ದುಂಡಗಾಗುತ್ತಿತ್ತು. ಲಯ ತಪ್ಪಿದ ದಿನ ರೊಟ್ಟಿ ಹರಿಯುತ್ತಿತ್ತು, ಯಲ್ಲಪ್ಪ ಮಾತಿಲ್ಲದೆ ಉಂಡು ಏಳುತ್ತಿದ್ದ.

ಕೆಲವು ವರ್ಷಗಳ ನಂತರ ನೀಲಗಂಗವ್ವ ಓಣಿಯ ಹೆಂಗಸರನ್ನು ಕೂಡಿಸಿ ರೊಟ್ಟಿ ಕೇಂದ್ರ ಶುರು ಮಾಡಿದಳು. ಜಾಗ, ಮುಚ್ಚಿಹೋದ ಅರಳೆ ಗೋದಾಮಿನ ಒಂದು ಭಾಗ. ಎಂಟು ಮಣೆ, ಎಂಟು ಒಲೆ, ಒಂಬತ್ತು ಹೆಂಗಸರು. ಕಟಕ್ ಎನ್ನುವ ಖಡಕ್ ರೊಟ್ಟಿಗಳು ಪ್ಯಾಕೆಟ್ ಸೇರಿ, ಯಲ್ಲಪ್ಪನ ಟಂಟಂ ಏರಿ, ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಗೆ ಹೋಗುತ್ತಿದ್ದವು.

ಮಣೆ ಇಲ್ಲದ ಒಂಬತ್ತನೆಯವಳು ಫಕೀರವ್ವ. ಇಪ್ಪತ್ತಾರನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು, ಈಗ ಐವತ್ತು ದಾಟಿತ್ತು. ಅವಳಷ್ಟು ತೆಳ್ಳಗೆ ರೊಟ್ಟಿ ಬಡಿಯುವವರು ಆ ಓಣಿಯಲ್ಲಿ ಇರಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಆದರೂ ಅವಳು ಮೂಲೆಯಲ್ಲಿ ಕೂತು ಪ್ಯಾಕೆಟ್ ಕಟ್ಟುತ್ತಿದ್ದಳು. ದಿನದ ಮೊದಲ ರೊಟ್ಟಿ ಬಳೆಯಿಲ್ಲದ ಕೈಯಿಂದ ಬೀಳಬಾರದು ಎಂಬ ರೂಢಿ. ಯಾರೂ ಅವಳಿಗೆ ಮೂಲೆ ತೋರಿಸಿರಲಿಲ್ಲ. ಮೊದಲ ದಿನ ತಾನೇ ಹೋಗಿ ಅಲ್ಲಿ ಕೂತಳು. ಯಾರೂ ಏಳು ಎನ್ನಲಿಲ್ಲ, ಅಷ್ಟೆ.

ಆ ವರ್ಷ ನಾಗರ ಪಂಚಮಿಗೆ ಬಳೆಗಾರ ಕೇಂದ್ರದ ಬಾಗಿಲಿಗೇ ಬಂದ. ಎಂಟೂ ಜನ ಒಂದೇ ನಮೂನೆಯ ಬಳೆ ಇಡಿಸಿಕೊಂಡರು. ಹಸಿರು, ಮೇಲೆ ಬಂಗಾರದ ಚುಕ್ಕಿ, ಕೈಗೆ ಹನ್ನೆರಡು.

ಮೂರನೇ ದಿನ ದೊಡ್ಡ ಆರ್ಡರಿನ ಅವಸರ. ನೀಲಗಂಗವ್ವನ ಕೈ ಜಾರಿ ನನ್ನ ಅಂಚಿಗೆ ಬಡಿಯಿತು. ಒಂದು ಬಳೆ ಚೂರಾಯಿತು. ಆ ಊರಲ್ಲಿ ಮುತ್ತೈದೆಯ ಬಳೆ ಒಡೆದರೆ ಒಡೆಯಿತು ಎನ್ನುವುದಿಲ್ಲ. ಚೂರುಗಳನ್ನು ಸದ್ದಿಲ್ಲದೆ ಆರಿಸಿ ಸೆರಗಿಗೆ ಕಟ್ಟಿಕೊಂಡು, ಸಂಜೆಯೊಳಗೆ ಹೊಸದನ್ನು ಇಡಿಸಿಕೊಳ್ಳುತ್ತಾರೆ. ಅವಳೂ ಹಾಗೆಯೇ ಆರಿಸಿದಳು. ಎರಡು ಚೂರು ಸಿಗಲಿಲ್ಲ. ಜೋಳದ ಕಾಳಿನಷ್ಟು ಸಣ್ಣದೊಂದು ಹಿಟ್ಟಿಗೆ ಅಂಟಿತ್ತು. ಇನ್ನೊಂದು ನನ್ನ ಬಿರುಕಿನೊಳಗೆ ಇಳಿದಿತ್ತು. ತಲೆಯೆತ್ತಿದಾಗ ಮೂಲೆಯಿಂದ ಫಕೀರವ್ವ ನೋಡುತ್ತಿದ್ದಳು. ಕಣ್ಣಿಗೆ ಕಣ್ಣು ಕೂಡಿತು. ಇಬ್ಬರೂ ಏನೂ ಹೇಳಲಿಲ್ಲ. ಒಬ್ಬಳು, ಮುತ್ತೈದೆ ತನ್ನ ಬಾಯಿಂದ ಅದನ್ನು ಅನ್ನಬಾರದೆಂದು. ಇನ್ನೊಬ್ಬಳು, ಗಂಡನಿಲ್ಲದ ತನ್ನ ಬಾಯಿಂದಂತೂ ಬರಲೇಬಾರದೆಂದು.

ನಾನೂ ಸುಮ್ಮನಿದ್ದೆ. ಮಣೆಗೆ ಅದು ಸುಲಭ.

ಹತ್ತು ದಿನಗಳ ಮೇಲೆ ಹುಬ್ಬಳ್ಳಿಯಿಂದ ಒಂದು ಲಕೋಟೆ ಬಂತು. ನಿವೃತ್ತ ಮಾಸ್ತರರೊಬ್ಬರ ಪತ್ರ. ಹತ್ತನೇ ಇಯತ್ತೆ ಓದಿದ್ದ ಸಾವಂತ್ರೆವ್ವ, ಎಲ್ಲರಿಗಿಂತ ಕಿರಿಯಳು, ಗಟ್ಟಿಯಾಗಿ ಓದಿದಳು:

"ರೊಟ್ಟಿ ಬಹಳ ಚೆನ್ನಾಗಿದ್ದವು. ಇದರ ಜೊತೆಗಿರುವ ಚೂರು ನನ್ನ ಮೊಮ್ಮಗಳ ತಟ್ಟೆಯಲ್ಲಿ ಸಿಕ್ಕಿತು. ಬಾಯಿಯಲ್ಲಿ ಅಲ್ಲ, ದೇವರು ದೊಡ್ಡವನು. ಅವಳಿಗೆ ನಾಲ್ಕು ವರ್ಷ. ಇದು ನಿಮ್ಮಲ್ಲೇ ಯಾರದೋ ಇರಬೇಕೆಂದು ಮರಳಿ ಕಳಿಸಿದ್ದೇನೆ."

ಲಕೋಟೆ ಕೊಡವಿದಳು. ಹಸಿರು ಚೂರು ನನ್ನ ಮೇಲೆಯೇ ಬಿತ್ತು.

ಅಂದೇ, ಮಾಸ್ತರರಿಂದ ವಿಷಯ ತಿಳಿದ ಅಂಗಡಿಯವರ ಫೋನೂ ಬಂತು. ಆಹಾರ ಸುರಕ್ಷತಾ ಅಧಿಕಾರಿ ಬಂದು ನೋಡಿ ಸರಿ ಅನ್ನುವ ತನಕ ಒಂದು ಪ್ಯಾಕೆಟ್ಟೂ ಬೇಡವಂತೆ. ಒಂಬತ್ತು ಮನೆಗಳ ಒಲೆ ಉರಿಯುವ ಮಾತು ಅದು.

"ಕೈ ಮುಂದ ಮಾಡ್ರಿ ಬೇ ಎಲ್ಲಾರೂ" ಎಂದಳು ಕಲ್ಲವ್ವ. ಅವಳು ವಯಸ್ಸಿನಲ್ಲಿ ಹಿರಿಯಳು, ಬಾಯಿಯಲ್ಲಿ ಇನ್ನೂ ಹಿರಿಯಳು. ಎಣಿಸುತ್ತ ಬಂದಳು. ನೀಲಗಂಗವ್ವನ ಎರಡೂ ಕೈಯಲ್ಲಿ ಹನ್ನೆರಡು ಹನ್ನೆರಡು, ಅವಳು ಅಂದೇ ಸಂಜೆ ತುಂಬಿಸಿಕೊಂಡಿದ್ದಳಲ್ಲ. ಸಾವಂತ್ರೆವ್ವನ ಬಲಗೈಯಲ್ಲಿ ಹನ್ನೊಂದು.

"ಇವತ್ತ ಮುಂಜಾನೆ ಎಮ್ಮಿ ಮೈ ತಿಕ್ಕುವಾಗ ಹೋತು, ನಮ್ಮವ್ವನಾಣಿ."

"ಎಮ್ಮಿ ಬಂದು ಸಾಕ್ಷಿ ಹೇಳ್ತೈತೇನ?"

ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಯಾರೂ ಸಾವಂತ್ರೆವ್ವನ ಮುಖ ನೋಡಲಿಲ್ಲ.

"ನಾಕ ದಿನ ಮನ್ಯಾಗ ಇರು, ಸಾವಂತ್ರಿ. ಆಮ್ಯಾಲ ನೋಡೂಣು" ಎಂದಳು ನೀಲಗಂಗವ್ವ. ಹೇಳುವಾಗ ಅವಳ ಅಂಗೈ ನನ್ನ ಮೇಲಿತ್ತು. ಆ ಅಂಗೈಯನ್ನು ನಾನು ಹದಿನೆಂಟು ವರ್ಷಗಳಿಂದ ಬಲ್ಲೆ. ಅದು ತಣ್ಣಗಾಗಿತ್ತು.

ಮುಮ್ತಾಜ್ ಮೇಡಂ ಜಿಲ್ಲಾ ಕಚೇರಿಯ ಅಧಿಕಾರಿ. ಬಂದವರೇ ಬಾಗಿಲಲ್ಲಿ ಗಡಿಯಾರ, ಉಂಗುರ ತೆಗೆದು ಪರ್ಸಿಗೆ ಹಾಕಿದರು. ತಲೆಗೆ ತೆಳು ಟೋಪಿ ಹಾಕಿಕೊಂಡು, ಸಾಬೂನು ಹಚ್ಚಿ ಕೈ ತೊಳೆದರು. ನೀರಿನ ತೊಟ್ಟಿ ನೋಡಿದರು, ಕವಚವಿಲ್ಲದ ಟ್ಯೂಬ್‌ಲೈಟು ನೋಡಿದರು. ಬೈಯುವರೆಂದು ಎಲ್ಲರೂ ಕಾದಿದ್ದರೆ, ಅವರು ರೊಟ್ಟಿ ಮುರಿದು ತಿಂದು "ಚಲೋ ಅದಾವಲ್ರಿ" ಎಂದರು. ಆಮೇಲೆ ನನ್ನ ಮುಂದೆ ಬಗ್ಗಿದರು.

"ಇದು ಮರ ಏನ್ರಿ?"

"ತೇಗ ರೀ ಮೇಡಂ. ದಿನಾ ಬಿಸಿನೀರಾಗ ತೊಳೀತೀವಿ."

"ತೊಳೀತೀರಿ, ಖರೆ. ಬಿರುಕಿನೊಳಗ ಒಣಗೂದು ಯಾವಾಗ?"

ಚೀಲದಿಂದ ಒಂದು ಉದ್ದನೆಯ ಸೂಜಿ ತೆಗೆದರು. ಅದನ್ನು ನನ್ನ ಬಿರುಕಿಗೆ ಇಳಿಸಿದರು. ಮೊದಲು ಕಪ್ಪಗಾದ ಹಳೇ ಹಿಟ್ಟು ಬಂತು. ಅದರ ವಾಸನೆ ನನಗೇ ತಡೆಯಲಾಗಲಿಲ್ಲ. ಹದಿನೆಂಟು ವರ್ಷ ಅನ್ನ ಹೊತ್ತವನು ನಾನು ಎಂಬ ನನ್ನ ಜಂಬವೆಲ್ಲ ಒಂದು ಬಿಳಿ ಕಾಗದದ ಮೇಲೆ ಕಪ್ಪಗೆ ಕೂತಿತು. ಆಮೇಲೆ ಹಸಿರು ಚೂರು ಬಂತು.

ಮೇಡಂ ಅದನ್ನು ಮಾಸ್ತರರು ಕಳಿಸಿದ ಚೂರಿನ ಪಕ್ಕ ಇಟ್ಟರು. ಎರಡೂ ಒಂದಕ್ಕೊಂದು ಕೂತವು. ಇದರಲ್ಲಿ ಅರ್ಧ ಚುಕ್ಕಿ, ಅದರಲ್ಲಿ ಅರ್ಧ ಚುಕ್ಕಿ.

"ಇಲ್ಲಿ ಬಳಿ ಒಡದ್ರ ಯಾರಿಗೆ ಹೇಳ್ತೀರಿ?"

"ಹಂಗ ಅನಬ್ಯಾಡ್ರಿ ಮೇಡಂ" ಎಂದಳು ಕಲ್ಲವ್ವ, ಕೆನ್ನೆಗೆ ಕೈ ತಟ್ಟಿಕೊಂಡು. "ಹಂಗ ಅನಬಾರದು."

"ಮತ್ತ ಏನಂತೀರಿ?"

"ಏನೂ ಅನಂಗಿಲ್ರಿ."

ಮೇಡಂ ಪೆನ್ನು ಕೆಳಗಿಟ್ಟು ಕಾದರು. ಆಗ ಮೂಲೆಯಿಂದ ಫಕೀರವ್ವ ಎದ್ದು ನಿಂತಳು.

"ನಾ ನೋಡೀನ್ರಿ. ಮುತ್ತೈದಿ ಬಳಿ ಸುದ್ದಿ ನನ್ನ ಬಾಯಾಗ ಬರಬಾರದಂತ ಬಾಯಿ ಹೊಲಕೊಂಡು ಕುಂತೆ. ಆ ಕೂಸಿನ ಬಾಯಾಗ ಹೋಗಿದ್ರ ನಾ ಏನ್ ಮಾಡ್ಲಿ? ಅದು ಸಾವಂತ್ರಿದಲ್ರಿ."

ಯಾರದೆಂದು ಅವಳು ಹೇಳಲಿಲ್ಲ. ನೀಲಗಂಗವ್ವನ ಕಡೆ ನೋಡಲೂ ಇಲ್ಲ. ಆ ಎರಡನ್ನೂ ನಾನು ಈ ಹೊತ್ತಿಗೂ ಮರೆತಿಲ್ಲ.

ನೀಲಗಂಗವ್ವ ತನ್ನ ಎರಡೂ ಕೈ ನನ್ನ ಮೇಲೆ ಊರಿದಳು, ಬೀಳುವವರು ಏನಾದರೂ ಹಿಡಿಯುವಂತೆ.

"ನಂದ್ರಿ ಮೇಡಂ. ಮಣಿನೂ ನಂದ, ಬಳಿನೂ ನಂದ. ಆ ಹುಡುಗೀನ ನಾನ ಮನ್ಯಾಗ ಕುಂದ್ರಿಸೀನಿ."

ಮೇಡಂ ಯಾರನ್ನೂ ಬೈಯಲಿಲ್ಲ. ಬರೆದರು: ಮರ ಹೊರಗೆ, ಸ್ಟೀಲಿನ ಮೇಜು ಒಳಗೆ. ಬಳೆ, ಉಂಗುರ, ಹೂವು ಹೊರಗೆ. ಟ್ಯೂಬ್‌ಲೈಟಿಗೆ ಕವಚ, ನೀರಿಗೆ ಪರೀಕ್ಷೆ. ಒಂದು ನೋಟ್‌ಬುಕ್ಕು, ಏನು ಒಡೆಯಿತು, ಯಾವಾಗ, ಚೂರೆಲ್ಲ ಸಿಕ್ಕವೇ ಎಂದು ಬರೆಯಲು. ಇಪ್ಪತ್ತು ದಿನದ ಮೇಲೆ ಮತ್ತೆ ಬರುವುದಾಗಿ ಹೇಳಿದರು. ಹೋಗುವಾಗ ಫಕೀರವ್ವನ ಭುಜ ಮುಟ್ಟಿ ಹೋದರು.

ಅಂದು ಸಂಜೆ ನೀಲಗಂಗವ್ವ ಸಾವಂತ್ರೆವ್ವನ ಮನೆಗೆ ಹೋದಳಂತೆ. ನಾನಲ್ಲಿರಲಿಲ್ಲ. ಕಲ್ಲವ್ವ ಹೇಳಿದ್ದನ್ನು ಹೇಳುತ್ತೇನೆ, ಅರ್ಧ ನೀವೇ ಕಳೆದು ಕೇಳಿ. ಸಾವಂತ್ರೆವ್ವ ಅವಳನ್ನು ನೇರ ಕೊಟ್ಟಿಗೆಗೆ ಕರೆದುಕೊಂಡು ಹೋಗಿ, "ನನ್ನ ಮುಂದ ಬ್ಯಾಡಕ್ಕಾ, ಎಮ್ಮಿ ಮುಂದ ಹೇಳು. ಅದರ ಸಾಕ್ಷಿ ಯಾರೂ ಕೇಳಲಿಲ್ಲ" ಎಂದಳಂತೆ. ನೀಲಗಂಗವ್ವ ಎಮ್ಮೆಯ ಮುಂದೆ ನಿಂತು, ತಪ್ಪಾತು ತಾಯಿ ಎಂದಳಂತೆ. ಹೇಳುತ್ತ ಹೇಳುತ್ತ ಇಬ್ಬರೂ ಅತ್ತರಂತೆ. ಎಮ್ಮೆ ಮಾತ್ರ ಮೇಯುತ್ತಲೇ ಇತ್ತಂತೆ.

ಉಳಿದ ಏಳು ಮಣೆಗಳು ಅವರವರ ಮನೆಗೆ ಹೋದವು. ನನ್ನನ್ನು ಹೊರಗೋಡೆಗೆ ಒರಗಿಸಿದರು. ಬಚ್ಚಲ ಒಲೆಗೆ ಚಲೋ ಉರೀತೈತಿ ಎಂದು ಕಲ್ಲವ್ವ ಎರಡು ಸಲ ನನ್ನನ್ನು ತಟ್ಟಿ ನೋಡಿದಳು. ಮೂರನೇ ದಿನ ನೀಲಗಂಗವ್ವ ಮೌನೇಶನನ್ನು ಕರೆಸಿದಳು. ಅವನಿಗೆ ವಯಸ್ಸಾಗಿತ್ತು, ನನಗೂ. ಬಿರುಕಿನ ಮೇಲೆ ಹೆಬ್ಬೆರಳು ಎಳೆದು, "ಮೇಣ ಸವರಿ ಬಿಟ್ಟಿದ್ದೆ ನೋಡವ್ವ. ಯಾರಿಗೆ ಗೊತ್ತಾಗ್ತೈತಿ ಅಂದಕೊಂಡಿದ್ದೆ" ಎಂದ. ನನ್ನನ್ನು ನೆಟ್ಟಗೆ ನಿಲ್ಲಿಸಿ, ಬಾಗಿಲ ಪಕ್ಕದ ಗೋಡೆಗೆ ಭದ್ರ ಮಾಡಿ, ಒಂಬತ್ತು ಮೊಳೆ ಬಡಿದ. ಎಷ್ಟೋ ವರ್ಷಗಳ ಮೇಲೆ ನಾನು ಮತ್ತೆ ಮನುಷ್ಯರ ಮುಖ ನೋಡಿದೆ.

ಹೊಸ ಮೇಜು ಬಂದ ದಿನ ಬೆಳಿಗ್ಗೆ ಎಂಟು ಜನ ನನ್ನ ಮುಂದೆ ಸಾಲಾಗಿ ನಿಂತರು. ಬಳೆ ತೆಗೆಯಲು ಯಾರ ಕೈಯೂ ಮೇಲೇಳಲಿಲ್ಲ.

"ನಮ್ಮಾಂವ ಮೊದಲ ಕೆಮ್ಮತಾನ" ಎಂದಳು ಕಲ್ಲವ್ವ. "ನಾ ಇಲ್ಲಿ ಬಳಿ ತಗದ್ರ ಅಂವ ಅಲ್ಲಿ ಹೋಗೇಬಿಡ್ತಾನ."

"ಅಂವ ಕೆಮ್ಮೂದು ಬೀಡಿಗೆ ಚಿಗವ್ವ, ಬಳಿಗಲ್ಲ" ಎಂದಳು ಸಾವಂತ್ರೆವ್ವ.

ನೀಲಗಂಗವ್ವ ನನಗೆ ಅರಿಶಿನ ಕುಂಕುಮ ಹಚ್ಚಿದಳು. "ಇದು ಮೊದಲ ಬಾಗಲಾ ಇತ್ತು. ನಮ್ಮ ಮುತ್ತೈದಿತನ ಇದರ ಹಂತೇಕ ಕುಂತಿರ್ಲಿ. ಸಂಜೀಕ ಬಂದು ಕರಕೊಂಡು ಹೋಗೂಣು" ಎಂದಳು. ನಲ್ಲಿಗೆ ಹೋಗಿ ಕೈಗೆ ಸಾಬೂನು ಹಚ್ಚಿ, ಹಲ್ಲು ಕಚ್ಚಿ ಒಂದೊಂದೇ ಜಾರಿಸಿದಳು. ಇಪ್ಪತ್ತನಾಲ್ಕು ಬಳೆ ಮೊದಲ ಮೊಳೆಗೆ ಬಂದವು. ಅವಳ ಮಣಿಕಟ್ಟಿನಲ್ಲಿ ಬಳೆ ಕೂತಿದ್ದ ಜಾಗ ಬೆಳ್ಳಗೆ, ಎಳೆಮಗುವಿನ ಚರ್ಮದಂತೆ ಇತ್ತು. ಅವಳು ಅದನ್ನು ನೋಡಿಕೊಂಡಳು. ಆಮೇಲೆ ಫಕೀರವ್ವನ ಕೈ ನೋಡಿದಳು, ಮೊದಲ ಸಲ ನೋಡುವವಳಂತೆ.

"ನನಗ್ಯಾಕ್ರಿ ಮೊಳಿ? ನೇತಹಾಕಾಕ ನನ್ನ ಕಡೆ ಏನೈತಿ?" ಎಂದಳು ಫಕೀರವ್ವ.

"ಒಂಬತ್ತ ಮಂದಿ, ಒಂಬತ್ತ ಮೊಳಿ" ಎನ್ನುತ್ತ ಸಾವಂತ್ರೆವ್ವ ಹೊಸ ನೋಟ್‌ಬುಕ್ಕಿಗೆ ದಾರ ಕಟ್ಟಿ ಕೊನೆಯ ಮೊಳೆಗೆ ತೂಗುಬಿಟ್ಟಳು. "ಇದು ನಿಂದು, ಅತ್ತಿ. ಹೋಗುವಾಗ ಎಣಸು, ಬರುವಾಗ ಎಣಸು. ಒಡದ್ರ ಒಡೀತು ಅನ್ನು. ಗಟ್ಟ್ಯಾಗಿ ಅನ್ನು. ಬರಿಯೂದು ನಾ ಕಲಸ್ತೀನಿ."

ಏಳು ಜನ ನಲ್ಲಿಯ ಹತ್ತಿರ ಸಾಬೂನಿಗೆ ಜಗಳಾಡತೊಡಗಿದರು. ಫಕೀರವ್ವನಿಗೆ ತೆಗೆಯುವುದು ಏನೂ ಇರಲಿಲ್ಲ. ಕೈ ತೊಳೆದಳು, ಟೋಪಿ ಹಾಕಿದಳು, ಒಳಗೆ ಹೋದಳು. ಉದ್ದನೆಯ ಮೇಜಿನಲ್ಲಿ ಒಂಬತ್ತು ಜನಕ್ಕೂ ಜಾಗವಿತ್ತು, ಮೂಲೆ ಇರಲಿಲ್ಲ. ಒಲೆ ಕಾದಿತ್ತು, ಹಿಟ್ಟು ನಾದಿ ಇಟ್ಟಿತ್ತು. ಬಾಗಿಲ ಸಂದಿಯಿಂದ ನನಗೆ ಕಂಡಿತು, ಅವಳು ರೂಢಿಯಂತೆ ಕಾಯುತ್ತ ನಿಂತಿದ್ದಳು.

"ಹೆಂಚು ಸುಡ್ತೈತಿ, ಫಕೀರವ್ವ!" ಹೊರಗಿನಿಂದ ನೀಲಗಂಗವ್ವ ಕೂಗಿದಳು. "ಯಾರ ಹಾದಿ ನೋಡ್ತಿ? ಬಡಿ!"

ಆಮೇಲೆ ಗೋಡೆಯಾಚೆಯಿಂದ ಬಂತು. ತಪ್. ತಪ್. ತಪ್ ತಪ್ ತಪ್. ಹಿಂದೆ ಝಣ್ ಇಲ್ಲದ, ಬರೀ ಅಂಗೈಯ ಸದ್ದು. ಅರ್ಧ ಬಳೆ ತೆಗೆದ ಕೈಗಳು ನಲ್ಲಿಯ ಕೆಳಗೆ ಹಾಗೇ ನಿಂತವು. ಕಲ್ಲವ್ವ ಏನೋ ಅನ್ನಲು ಬಾಯಿ ತೆರೆದಳು.

"ಕೇಳಿದ್ರ ಗೊತ್ತಾಗ್ತೈತಿ" ಎಂದಳು ಕಡೆಗೆ. "ಎಷ್ಟ ತೆಳ್ಳಗ ಬಡ್ಯಾಕತ್ತಾಳ."

ಇಪ್ಪತ್ತು ದಿನದ ಮೇಲೆ ಮುಮ್ತಾಜ್ ಮೇಡಂ ಬಂದು ನೋಡಿ ಸರಿ ಅಂದರು. ಪರವಾನಗಿಯ ಹದಿನಾಲ್ಕು ಅಂಕಿಯ ಸಂಖ್ಯೆ ಪ್ಯಾಕೆಟ್ಟಿನ ಮೇಲೆ ಅಚ್ಚಾಯಿತು. ಮೊದಲ ಪ್ಯಾಕೆಟ್ಟು ಮಾಸ್ತರರ ಮನೆಗೆ ಹೋಯಿತು. ಇದೆಲ್ಲ ಆಗಿ ಆರು ವರ್ಷ. ಕಲ್ಲವ್ವನ ಗಂಡ ಇನ್ನೂ ಕೆಮ್ಮುತ್ತಾನೆ. ನನ್ನ ಒಂದು ಮೂಲೆಗೆ ಗೆದ್ದಲು ಹತ್ತಿದೆ. ನೋಟ್‌ಬುಕ್ಕು ನಾಲ್ಕನೆಯದು, ಅದರಲ್ಲಿ ಫಕೀರವ್ವನ ಅಕ್ಷರಗಳು ಮೊದಲಿಗಿಂತ ನೆಟ್ಟಗಿವೆ. ಮಧ್ಯಾಹ್ನ ಗಾಳಿ ಬೀಸಿದರೆ ಎಂಟು ಮೊಳೆಗಳ ಬಳೆಗಳು ಒಂದಕ್ಕೊಂದು ತಾಗಿ ಮಾತಾಡುತ್ತವೆ. ಒಂಬತ್ತನೆಯದರಲ್ಲಿ ಹಾಳೆ ಮಗುಚುತ್ತದೆ.

ಬೆಳಿಗ್ಗೆ ಎಂಟೂ ಜನ ಇನ್ನೂ ಬಳೆ ಜಾರಿಸುತ್ತ ನಿಂತಿರುವಾಗಲೇ ಒಳಗೆ ಮೊದಲ ರೊಟ್ಟಿ ಬೀಳುತ್ತದೆ. ದಿನಾ, ಅದೇ ಕೈಯದು.