ಹಲ್ಲು ಬಂದ ಕರಣೆ

ಗದಗಿನ ಕಂಬಾರರ ಓಣಿಯಲ್ಲಿ, ಯಾವುದೋ ಲಾರಿಯ ಮುರಿದ ಸ್ಪ್ರಿಂಗ್ ಪಾಟಾ ಕಾಯಿಸಿ ಬಡಿದಾಗ ಹುಟ್ಟಿದ ಕರಣೆ ನಾನು. ನೇರ ಅಂಚು, ಜಾಲಿಯ ಹಿಡಿಕೆ. ಫಕ್ಕೀರಪ್ಪ ಮೇಸ್ತ್ರಿ ನನ್ನನ್ನು ಕೊಂಡ ಮೇಲೆ ಇಪ್ಪತ್ತೆರಡು ವರ್ಷ ಅವರ ಬಲಗೈ ಬಿಟ್ಟಿರಲಿಲ್ಲ. ನಾನು ತಿಕ್ಕಿದ ಗೋಡೆಯ ಗಿಲಾವಿನ ಮೇಲೆ ನೊಣ ಕೂತರೂ ಜಾರುತ್ತದೆ ಎಂದು ಊರು ಹೇಳುತ್ತಿತ್ತು. ಊರು ಮರೆತ ದಿನ ನಾನೇ ಹೇಳಿಕೊಳ್ಳುತ್ತಿದ್ದೆ.

ಆಮೇಲೆ ಟೈಲ್ಸ್ ಕೂರಿಸಲು ಚೀಲದ ಅಂಟು ಬಂತು. ಅದರ ಬೆನ್ನಿಗೇ, ಅದನ್ನು ಬಳಿಯಲೆಂದು ನನಗೊಬ್ಬ ಸವತಿ ಕರಣೆ ಬಂದಳು. ಅಂಚಿಗೆ ಬಾಚಣಿಗೆಯ ಹಾಗೆ ಸಣ್ಣ ಸಣ್ಣ ಹಲ್ಲು, ಕೆಂಪು ಪ್ಲಾಸ್ಟಿಕ್ ಹಿಡಿಕೆ. ಕೆಲಸ ಮುಗಿದರೆ ಮೇಸ್ತ್ರಿ ಅವಳನ್ನು ತೊಳೆದು ಬಟ್ಟೆಯಲ್ಲಿ ಒರೆಸುತ್ತಿದ್ದರು. ನನ್ನನ್ನು ಮರಳಲ್ಲಿ ಎರಡು ಸಲ ತಿಕ್ಕಿದರೆ ಮುಗಿಯಿತು. ಸುಳ್ಳೇಕೆ ಹೇಳಲಿ, ಹೊಟ್ಟೆ ಧಗಧಗ ಉರಿಯುತ್ತಿತ್ತು.

ಊರಿಗೆಲ್ಲ ಟೈಲ್ಸ್ ಹಾಕಿದ ಮೇಸ್ತ್ರಿಯ ಹೆಂಡತಿ ನೀಲವ್ವ ಮಾತ್ರ ಬಿರುಕುಬಿಟ್ಟ ಸಿಮೆಂಟ್ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಮಗಳು ಸುಮಿತ್ರಾಳ ಕುಬಸ ಗೊತ್ತಾಯಿತು. ಗುರುವಾರ ಬೀಗರು ಬರುವವರಿದ್ದರು. ಏಳು ತಿಂಗಳ ಬಸುರಿ ಎಡವಬಾರದು, ಬೀಗರೆದುರು ತಲೆ ತಗ್ಗಬಾರದು, ಅಷ್ಟರೊಳಗೆ ಅಡುಗೆಮನೆ ಆಗಲೇಬೇಕು ಎಂದು ನೀಲವ್ವ ಪಟ್ಟು ಹಿಡಿದಳು.

ಕೆಲಸ ಮಾಡಿದ ಮನೆಗಳಲ್ಲಿ ಉಳಿದು, ಮಾಲೀಕರು ಒಯ್ಯಿ ಎಂದು ಕೊಟ್ಟ ಟೈಲ್ಸ್ ಹಿತ್ತಲಲ್ಲಿ ಪೇರಿಸಿದ್ದವು. ಎಲ್ಲವೂ ಬಿಳಿ, ಎಲ್ಲವೂ ಒಂದಡಿಯವು, ದಪ್ಪ ಮಾತ್ರ ಒಂದೊಂದರದು ಒಂದೊಂದು. ಅಡುಗೆಮನೆ ಹತ್ತಕ್ಕೆ ಹತ್ತು, ಅಂದರೆ ನೂರು ಟೈಲ್ಸ್. ಒಂದು ಚೀಲ ಅಂಟು ಐವತ್ತು ಚದರಡಿಗೆ ಎಂದು ಚೀಲದ ಮೇಲೆ ಬರೆದಿತ್ತು. ಮೇಸ್ತ್ರಿ ಎರಡೇ ಚೀಲ ತಂದರು. ಸಾಕಾಗುತ್ತದೆಯೇ ಎಂದು ನೀಲವ್ವ ಕೇಳಿದ್ದಕ್ಕೆ ನಕ್ಕರು.

ದಪ್ಪನೆಯವು ಬೇಗ ಕೂತವು. ತೆಳ್ಳನೆಯವನ್ನು ಅವುಗಳ ಸಮಕ್ಕೆ ಎತ್ತಲು ಸವತಿಯ ಸಣ್ಣ ಹಲ್ಲಿನಲ್ಲಿ ಎರಡು ಸಲ, ಮೂರು ಸಲ ಬಳಿಯಬೇಕಾಯಿತು. ಮಂಗಳವಾರ ಬೆಳಿಗ್ಗೆ, ಐವತ್ತಾರನೆಯದು ಕೂರುವಷ್ಟರಲ್ಲಿ ಎರಡೂ ಚೀಲ ಮುಗಿದು ಅಂಟಿನ ಬಾಂಡ್ಲಿ ಬರಿದಾಯಿತು. ನೀಲವ್ವ ಹೊಸ್ತಿಲ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೋ, ಸಾಮಾನಿನ ಚೀಲದೊಳಗೆ ಹಿಗ್ಗುತ್ತಿದ್ದೆ. ಹೊಟ್ಟೆಕಿಚ್ಚಿಗೆ ಕರುಳಿಲ್ಲ.

“ಮೊದಲನೇ ಮುದ್ದಿಯೊಳಗ ಎಷ್ಟು ರೊಟ್ಟಿ ಆದ್ವು ಅಂತ ನೋಡಿ ಉಳಿದ ಹಿಟ್ಟು ತಗೀತೀನಿ ನಾನು,” ಎಂದಳು ನೀಲವ್ವ. “ನೀವು ಚೀಲಾ ಓದಿದ್ರಿ, ನಿಮ್ಮ ಟೈಲ್ಸ್ ನೋಡಲಿಲ್ಲ.”

ಮೇಸ್ತ್ರಿ ಹೋಗಿ ಇನ್ನೊಂದು ಚೀಲ ಅಂಟು ತಂದರು. ಉಳಿದವೆಲ್ಲ ತೆಳ್ಳನೆಯವು, ಪದರ ಒಂದೇ ಏಟಿಗೆ ದಪ್ಪ ಬೀಳಬೇಕು ಎಂದು ಗೊಣಗುತ್ತ ಸಾಮಾನಿನ ಚೀಲಕ್ಕೆ ಕೈ ಹಾಕಿ ನನ್ನನ್ನೇ ತೆಗೆದರು. ಸವತಿಯ ಎದುರಿಗೇ! ನನ್ನ ಬಾಳು ಬಂಗಾರವಾಯಿತು ಅಂದುಕೊಂಡೆ.

ಆಗ ಟೈಲ್ಸ್ ಕೊಯ್ಯುವ ಗ್ರೈಂಡರ್ ಸದ್ದು ಮಾಡಿತು. “ಹಳೇದೈತಿ, ಹೋದ್ರ ಹೋಗಲಿ,” ಎಂದು ಅವರು ನನ್ನ ಅಂಚಿನಲ್ಲಿ ಬೆರಳಗಲದ ಹಲ್ಲು ಕೊಯ್ದರು.

ಅರ್ಧ ಚೀಲ ಕಲಸಿ ನನ್ನಿಂದ ಎಳೆದರೆ ಹದಿನೈದು ಟೈಲ್ಸ್ ಕೂತವು. ಉಳಿದದ್ದು ಇಪ್ಪತ್ತೊಂಬತ್ತು. ಚೀಲದ ಉಳಿದರ್ಧ ಸಾಲದು, ಇನ್ನೂ ಒಂದು ಚೀಲ ಬೇಕೆಂದು ಮೇಸ್ತ್ರಿ ಲೆಕ್ಕ ಹಾಕುವ ಮೊದಲೇ ನೀಲವ್ವ ಹೇಳಿದಳು. ಸಂಜೆಗೆ ನೆಲ ಮುಗಿಯಿತು. ಗುರುವಾರ ಸುಮಿತ್ರಾ ಹಸಿರು ಸೀರೆಯುಟ್ಟು ಅದರ ಮೇಲೆ ಓಡಾಡಿದಳು, ಬೀಗರು ಕೊಂಕು ತೆಗೆಯಲಿಲ್ಲ, ನೀಲವ್ವ ಎರಡು ತುತ್ತು ಹೆಚ್ಚಿಗೇ ಉಂಡಳು.

ಈಗ ನನಗೆ ವಯಸ್ಸಾಗಿದೆ. ತೆಳ್ಳನೆಯ ಟೈಲ್ಸ್ ಸಿಕ್ಕಾಗ ಮಾತ್ರ ನನ್ನ ನೆನಪು. ಗಿಲಾವಿಗೆ ನಾನಿನ್ನು ಒದಗುವುದಿಲ್ಲ. ಹಲ್ಲಿನ ಅಂಚು ಗೋಡೆಯನ್ನು ಗೀರುತ್ತದೆ. ಅದಕ್ಕೆಂದು ಮೇಸ್ತ್ರಿ ಮೊನ್ನೆ ಹೊಸದೊಂದು ಕರಣೆ ತಂದಿದ್ದಾರೆ. ಎಷ್ಟು ನುಣುಪಾದ ಅಂಚು ಅದರದು! ನೋಡಿದರೆ ಮೈಯೆಲ್ಲ ಉರಿಯುತ್ತದೆ. ಪಕ್ಕದಲ್ಲಿ ಸವತಿಯೂ ಉರಿಯುತ್ತಾಳೆ. ಇಷ್ಟು ವರ್ಷಕ್ಕೆ ನಮ್ಮಿಬ್ಬರಿಗೆ ಈಗ ಮಾತು ಕೂಡಿದೆ.