ಕೋಲ್ಟರ್ ಊರಿನ ಸಾಲು

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಫುಟ್‌ಬಾಲ್ ಎಂದು ಹೆಸರಿಟ್ಟುಕೊಂಡ ಜನ ಕೋಲ್ಟರಿನವರು. ಇವರ ಮಿಕ್ಕ ಲೆಕ್ಕಗಳೂ ಹೀಗೇ ಸೊಟ್ಟ ಎಂದು ಬೇಕಾದರೆ ನಗಬಹುದು. ಆದರೆ ಪೋರ್ಟ್ ಹ್ಯಾನ್ಲಿ ಕಾಲೇಜು ಪಡುವಣ ಕೂಟ ಬಿಟ್ಟು ಮುಂದಿನ ವರ್ಷ ದೊಡ್ಡ ಕೂಟಕ್ಕೆ ಸೇರುತ್ತದೆ ಎಂದು ಆ ಆಗಸ್ಟಿನಲ್ಲಿ ರೇಡಿಯೊ ಹೇಳಿದಾಗ ಊರಲ್ಲಿ ಯಾರೂ ನಗಲಿಲ್ಲ. ಹನ್ನೆರಡು ಕಾಲೇಜುಗಳು ನೂರು ವರ್ಷ ತಮ್ಮತಮ್ಮಲ್ಲೇ ಆಡಿಕೊಂಡು ಬಂದ ಕೂಟ ಈ ಪಡುವಣದ್ದು. ಒಂದರ ಹಿಂದೆ ಒಂದು, ಎಂಟು ಹೊರಟುಹೋದವು. ಕೋಲ್ಟರ್ ಕಾಲೇಜನ್ನು ಮಾತ್ರ ಯಾರೂ ಕರೆಯಲಿಲ್ಲ.

ಲೈಲ್ ಬ್ರೆಕ್ಕೆ ಕಂಗಾಲಾದದ್ದು ಬೇರೆ ಕಾರಣಕ್ಕೆ. ಅವನ ಒಬ್ಬಳೇ ಮಗಳು ಮಾರಿತ್ ಕೆಲಸಕ್ಕಿದ್ದದ್ದು ಪೋರ್ಟ್ ಹ್ಯಾನ್ಲಿ ಕಾಲೇಜಿನ ಕ್ರೀಡಾ ಕಚೇರಿಯಲ್ಲಿ. ನವೆಂಬರಿನ ಕೊನೆಯ ಶನಿವಾರ ಈ ಎರಡು ಕಾಲೇಜುಗಳಿಗೆ ಪಂದ್ಯ. ಒಂದು ವರ್ಷ ತಂಡದ ಜೊತೆ ಅವಳು ಕೋಲ್ಟರಿಗೆ ಬರುತ್ತಿದ್ದಳು, ಮರುವರ್ಷ ಇವನು ಬಸ್ಸು ಹತ್ತುತ್ತಿದ್ದ. ಹೆಂಡತಿ ಇಂಗಾ ಇರುವತನಕ ಅಪ್ಪ-ಮಗಳ ಮಾತೆಲ್ಲ ಅವಳ ಮೂಲಕವೇ ಓಡಾಡುತ್ತಿತ್ತು. ಅವಳು ತೀರಿಕೊಂಡ ಮೇಲೆ ಇಬ್ಬರಿಗೂ ಮಾತು ಹುಟ್ಟಲಿಲ್ಲ. ಜಗಳವೇನೂ ಇರಲಿಲ್ಲ, ಇಬ್ಬರದೂ ಒಂದೇ ತರದ ಗಂಟುನಾಲಿಗೆ. ಆದರೆ ಯಾವ ಕೂಟ ಗಟ್ಟಿ, ಯಾವುದು ಜೊಳ್ಳು ಎಂಬ ವಾದಕ್ಕೆ ಕೂತರೆ ಗಂಟು ಬಿಚ್ಚಿಕೊಳ್ಳುತ್ತಿತ್ತು. ಅವಳ ಮದುವೆ ಮುರಿದದ್ದು, ಮನೆ ಬದಲಿಸಿದ್ದು, ಅಮ್ಮನ ದನಿ ಮರೆತುಹೋಗುತ್ತಿದೆ ಎಂದು ಹೆದರಿದ್ದು, ಎಲ್ಲವೂ ಅವನಿಗೆ ಗೊತ್ತಾದದ್ದು ವರ್ಷಕ್ಕೊಮ್ಮೆಯ ಆ ಶನಿವಾರದ ವಾದದ ನಡುವೆಯೇ. ಪಂದ್ಯ ನಿಂತರೆ ಮಗಳೂ ನಿಂತುಹೋಗುತ್ತಾಳೆ ಎಂದು ಅವನಿಗೆ ಖಚಿತವಾಗಿತ್ತು.

ಮೂವತ್ತೆಂಟು ವರ್ಷ ಗೋದಿ ಉಗ್ರಾಣದ ವೇಬ್ರಿಡ್ಜಿನಲ್ಲಿ ಲಾರಿ ತೂಗಿದವನು ಲೈಲ್. ತೂಗಿ ತೋರಿಸಿದರೆ ಎಂಥ ಮೊಂಡನೂ ಒಪ್ಪುತ್ತಾನೆ ಎಂಬುದು ಅವನ ನಂಬಿಕೆ. ಹಾಗಾಗಿ ಒಂದು ದಪ್ಪ ನೋಟುಬುಕ್ಕು ತಂದು ಕೂಟಗಳನ್ನು ತೂಗಲು ಕೂತ. ಕೂಟದೊಳಗಿನ ಪಂದ್ಯಗಳನ್ನು ಅವನು ಮುಟ್ಟಲೇ ಇಲ್ಲ. ಮನೆಯೊಳಗೇ ಕುಸ್ತಿಯಾದರೆ ಒಬ್ಬ ಗೆಲ್ಲುತ್ತಾನೆ, ಒಬ್ಬ ಸೋಲುತ್ತಾನೆ, ಅದರಿಂದ ಮನೆಯ ಬಲ ತಿಳಿಯದು. ಸೆಪ್ಟೆಂಬರಿನಲ್ಲಿ ಹೊರಗಿನವರೊಡನೆ ಆಡುವ ಮೂರು ವಾರಗಳೇ ತಕ್ಕಡಿ. ಇಪ್ಪತ್ತು ವರ್ಷದ ಸೆಪ್ಟೆಂಬರುಗಳನ್ನು ಬರೆದು ಮುಗಿಸಿದಾಗ, ದೊಡ್ಡ ಕೂಟದವರ ಮೇಲೆ ಕೋಲ್ಟರ್ ಆಡಿದ ಹತ್ತೊಂಬತ್ತರಲ್ಲಿ ಹನ್ನೊಂದು ಗೆದ್ದಿತ್ತು. ಅಷ್ಟೇ ಆಟಗಳಲ್ಲಿ ಪೋರ್ಟ್ ಹ್ಯಾನ್ಲಿ ಗೆದ್ದದ್ದು ಏಳು.

ಕಾಫಿ ಅಂಗಡಿಯಲ್ಲಿ ಇದನ್ನು ಕಂಡ ಹಳೆಯ ಜೊತೆಗಾರ ಹರ್ಷಲ್ ಬಿಡಲಿಲ್ಲ. "ಕರೀದೇ ಇರೋ ಮದುವೆಗೆ ಹೋಗಿ ಎಲೆ ತುದೀಲಿ ಉಪ್ಪು ಕಮ್ಮಿ ಅಂದಂಗಾಯ್ತು ಕಣೋ ಇದು" ಅಂದ. ಲೈಲ್ ಕಾಫಿ ಕುಡಿದು ಎದ್ದ. ನವೆಂಬರಿಗೆ ಮಾರಿತ್ ಬರುತ್ತಾಳೆ, ಪುಸ್ತಕವನ್ನು ಅವಳ ಕೈಯಲ್ಲಿಟ್ಟರೆ ಅವಳು ಮೇಲಿನವರಿಗೆ ಮುಟ್ಟಿಸುತ್ತಾಳೆ, ಕೋಲ್ಟರಿಗೂ ಕರೆ ಬರುತ್ತದೆ, ಪಂದ್ಯ ಉಳಿಯುತ್ತದೆ. ಇಷ್ಟು ಸರಳವಾಗಿತ್ತು ಅವನ ಲೋಕ.

ಕೊನೆಯ ಶನಿವಾರ ಬಂತು. ಕ್ರೀಡಾಂಗಣದ ಹೊರಗಿನ ಬಯಲಲ್ಲಿ ತನ್ನ ಪಿಕಪ್ಪಿನ ಹಿಂಬಾಗಿಲು ಇಳಿಸಿ, ಅದರ ಮೇಲೇ ಮಗಳನ್ನು ಕೂರಿಸಿ, ಲೈಲ್ ಬೀನ್ಸು-ಮಾಂಸದ ಬಿಸಿ ಚಿಲಿ ಸಾರನ್ನೂ ಚಕ್ಕೆಪುಡಿಯ ಸುರುಳಿ ಬನ್ನನ್ನೂ ಬಡಿಸಿದ. ಮಾರಿತ್ ಬನ್ನನ್ನು ಚಿಲಿಯಲ್ಲಿ ಅದ್ದುತ್ತ, ಅವನ ನೋಟುಬುಕ್ಕನ್ನು ಒಂದು ಪುಟವನ್ನೂ ಬಿಡದೆ ಓದಿದಳು. ಅವಳ ಕಣ್ಣು ತೇವವಾದದ್ದನ್ನು ಅವನು ಮೆಚ್ಚುಗೆ ಎಂದುಕೊಂಡ.

"ಒಂದೇ ಒಂದು ತಪ್ಪಿಲ್ಲ ಅಪ್ಪ" ಅಂದಳು.

"ಮತ್ತೇನು? ನಿಮ್ಮ ದೊಡ್ಡೋರಿಗೆ ತೋರಿಸು."

"ಅವರು ನೋಡಲ್ಲ. ಯಾರು ಯಾರನ್ನ ಸೋಲಿಸಿದ್ರು ಅಂತ ಯಾರೂ ಕೇಳ್ಲೇ ಇಲ್ಲ. ಶನಿವಾರ ಯಾವ ಊರಲ್ಲಿ ಎಷ್ಟು ಮನೇಲಿ ಟಿವಿ ಹಚ್ಚಿರ್ತಾರೆ, ಅದೊಂದೇ ಕೇಳಿದ್ದು."

"ಕೋಲ್ಟರಲ್ಲಿ ಆಟ ನೋಡದ ಮನೆ ಒಂದಿದ್ರೆ ತೋರಿಸು ನೋಡೋಣ."

"ನೋಡ್ತೀರಪ್ಪ. ಆದ್ರೆ ಎಲ್ರೂ ಇಲ್ಲಿಗೇ ಬಂದು ನೋಡ್ತೀರಿ. ಟಿವಿ ಆರಿಸಿ, ಬಾಗಿಲು ಹಾಕ್ಕೊಂಡು ಬಂದಿರ್ತೀರಿ. ಟಿವಿ ಜೊತೆ ಇಡೋ ಪೆಟ್ಟಿಗೆ ಎಣಿಸಿದಾಗ ಪಟ್ಟೀಲಿ ಕೋಲ್ಟರ್ ಸಾಲಲ್ಲಿ ಏನೂ ಬರ್ಲಿಲ್ಲ."

ಲೈಲ್ ಸುತ್ತ ನೋಡಿದ. ಕೈಕೂಸುಗಳಿಗೂ ಕೆಂಪು ಟೋಪಿ ತೊಡಿಸಿಕೊಂಡು ಊರಿಗೆ ಊರೇ ಹಿಮದಲ್ಲಿ ನಿಂತಿತ್ತು. ಬೆಚ್ಚಗೆ ಮನೆಯಲ್ಲಿ ಸೋಫಾದ ಮೇಲೆ ಬಿದ್ದುಕೊಂಡಿದ್ದವನು ಅಭಿಮಾನಿ, ಹಲ್ಲು ಕಟಕಟಿಸುತ್ತ ಬೆಂಚಿನ ಮೇಲೆ ಕೂತವನು ಸೊನ್ನೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಮಾತು ಈ ಬಡಪಾಯಿಗಳಿಗಾಗಿಯೇ ಹುಟ್ಟಿರಬೇಕು.

"ಯಾರು ಮಾಡಿದ್ದು ಆ ಪಟ್ಟೀನ?" ಎಂದು ಕೇಳಿದ.

ಮಾರಿತ್ ಬಟ್ಟಲನ್ನು ಕೆಳಗಿಟ್ಟಳು. "ನಾನು."

ಲೈಲ್ ಚಿಲಿಯ ಪಾತ್ರೆಗೆ ಮುಚ್ಚಳ ಹಾಕಿದ. ಆಮೇಲೆ ಹೇಳಿದ, "ನೀನು ಈ ಊರಲ್ಲೇ ಹುಟ್ಟಿದೋಳು. ಶನಿವಾರ ನಾವೆಲ್ಲಿರ್ತೀವಿ ಅಂತ ನಿಂಗೆ ಗೊತ್ತಿತ್ತಲ್ಲಮ್ಮ."

"ಗೊತ್ತಿತ್ತು. ಹಾಳೆ ಕೆಳಗೆ ಸಣ್ಣಕ್ಷರದಲ್ಲಿ ಬರೆದೂ ಇದ್ದೆ. ಯಾರೂ ಓದ್ಲಿಲ್ಲ."

ಅವತ್ತು ಕೋಲ್ಟರ್ ಗೆದ್ದಿತು, ಇಪ್ಪತ್ನಾಲ್ಕಕ್ಕೆ ಇಪ್ಪತ್ತು. ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ಲೈಲ್ ಮಾತ್ರ ಕೂತಲ್ಲೇ ಕೂತಿದ್ದ. ಗೆದ್ದದ್ದು ಯಾವ ಪುರುಷಾರ್ಥಕ್ಕೆ ಎಂದು ಅವನಿಗೆ ಅಳು ಬರುತ್ತಿತ್ತು. ತಂಡದ ಬಸ್ಸಿನ ಹತ್ತಿರ ಮಾರಿತ್ ಅವನ ಕೋಟಿನ ತೋಳು ಹಿಡಿದುಕೊಂಡು ನಿಂತಳು. ಅವನು ಅವಳನ್ನು ತಬ್ಬಿಕೊಳ್ಳಬಹುದಿತ್ತು. ಅದರ ಬದಲು ನೋಟುಬುಕ್ಕನ್ನು ವಾಪಸು ಕೇಳಿ ಇಸಕೊಂಡ. ಆ ಒಂದು ಕೆಲಸ ಅವನನ್ನು ಚಳಿಗಾಲವಿಡೀ ಒಳಗೊಳಗೇ ಕೊರೆಯಿತು.

ಮರುವರ್ಷ ಕೂಟದಲ್ಲಿ ಉಳಿದದ್ದು ನಾಲ್ಕೇ ಕಾಲೇಜು. ನವೆಂಬರಿನ ಕೊನೆಯ ಶನಿವಾರ ಕೋಲ್ಟರಿಗೆ ಹೆಸರು ಕೇಳದ ಯಾವುದೋ ಪುಟ್ಟ ಕಾಲೇಜಿನ ಜೊತೆ ಪಂದ್ಯ. ಅದೇ ಹೊತ್ತಿಗೆ ಪೋರ್ಟ್ ಹ್ಯಾನ್ಲಿಯವರು ದೇಶದ ಆ ತುದಿಯಲ್ಲಿ, ಮೂಡಣ ಕಡಲ ಹತ್ತಿರ ಆಡುತ್ತಿದ್ದರು. ತಂಡದ ಜೊತೆ ಹೋಗಲೇಬೇಕು, ಬರಲಾಗುವುದಿಲ್ಲ ಎಂದು ಮಾರಿತ್ ಎರಡು ಸಾಲು ಬರೆದು ಕಳಿಸಿದ್ದಳು. ಆ ವಾರ ಲೈಲ್ ಟಿವಿಗೆ, ಮನೆಯಲ್ಲಿ ಏನು ನೋಡುತ್ತಾರೆ ಎಂದು ಎಣಿಸುವ ಹೊಸ ಪೆಟ್ಟಿಗೆ ಹಾಕಿಸಿಕೊಂಡ. ಕರೆಯಲು ಬಂದ ಹರ್ಷಲ್‌ಗೆ ಮಂಡಿನೋವು ಎಂದು ಸುಳ್ಳು ಹೇಳಿದ.

ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಅವನು ಊರಲ್ಲಿ ಪಂದ್ಯವಿದ್ದ ಶನಿವಾರ ಮನೆಯಲ್ಲಿ ಕೂತದ್ದು. ಊರೆಲ್ಲ ಕ್ರೀಡಾಂಗಣದಲ್ಲಿರುತ್ತದೆ, ಪೋರ್ಟ್ ಹ್ಯಾನ್ಲಿಯ ಆಟ ಹಚ್ಚಿದ ಮನೆ ಕೋಲ್ಟರಿನಲ್ಲಿ ಒಂದೇ ಇರುತ್ತದೆ. ವಾರವಾರವೂ ಮಗಳು ಮಾಡುವ ಪಟ್ಟಿಯಲ್ಲಿ ಊರಿನ ಸಾಲಿಗೆ ಒಂದು ಬೀಳುತ್ತದೆ. ಆ ಒಂದು ಯಾರೆಂದು ಅವಳಿಗೆ ತಿಳಿಯದೆ ಇರುತ್ತದೆಯೇ? ಎದುರಿಗೆ ಮನುಷ್ಯ ಇಲ್ಲದಿದ್ದರೆ ಪೆಟ್ಟಿಗೆ ಎಣಿಸುವುದಿಲ್ಲವೇನೋ ಎಂಬ ಅನುಮಾನಕ್ಕೆ ಪುಣ್ಯಾತ್ಮ ಬಚ್ಚಲಿಗೂ ಏಳಲಿಲ್ಲ. ಮೂರು ಬೀದಿ ಆಚೆಯಿಂದ ತನ್ನ ಜನರ ಕೂಗು ಬಂದು ಕಿಟಕಿಯ ಗಾಜು ನಡುಗಿತು. ಯಾರೋ ಏನೋ ಭಾರಿಯಾದದ್ದು ಮಾಡಿದ್ದರು. ಲೈಲ್ ಕಿವಿ ಮುಚ್ಚಿಕೊಳ್ಳದೆ, ಕಣ್ಣನ್ನೂ ತೆಗೆಯದೆ, ತನಗೆ ಬೇಡದ ತಂಡದ ಆಟವನ್ನು ಕೊನೆಯತನಕ ನೋಡಿದ. ಮೈದಾನದ ಪಕ್ಕದ ಬೆಂಚಿನ ಕಡೆ ಕ್ಯಾಮೆರಾ ಹೋದಾಗಲೆಲ್ಲ ಮಗಳ ಮುಖ ಹುಡುಕಿದ, ಒಂದು ಸಲವೂ ಸಿಗಲಿಲ್ಲ.

ಬುಧವಾರ ಫೋನು ಬಂತು.

"ಅಪ್ಪ, ಕೋಲ್ಟರಲ್ಲಿ ಒಂದು ಮನೆ ಬಂದಿದೆ. ಮೊದಲಿಂದ ಕೊನೇತನಕ."

"ಹೌದಾ" ಅಂದ ಲೈಲ್.

ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. "ನೂರಕ್ಕಿಂತ ಕಮ್ಮಿ ಬಂದ್ರೆ ಆ ಊರಿನ ಸಾಲು ತೆಗೀಬೇಕು ಅಪ್ಪ. ಪಟ್ಟಿ ಇವತ್ತು ಹೋಗ್ಬೇಕಿತ್ತು. ನಾನೇ ತೆಗೆದೆ."

ವೇಬ್ರಿಡ್ಜಿನಲ್ಲಿ ಇಪ್ಪತ್ತು ಪೌಂಡಿಗಿಂತ ಕಡಿಮೆಯ ತೂಕವನ್ನು ಅವನೂ ಎಂದೂ ಬರೆದವನಲ್ಲ. "ತೆಗೀಲೇಬೇಕಮ್ಮ" ಅಂದ. "ಲೆಕ್ಕ ಅಂದ್ಮೇಲೆ ಲೆಕ್ಕ."

ಆ ಕಡೆ ಅವಳು ಬಿಕ್ಕುತ್ತಿದ್ದಳು. ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಕೊನೆಗೆ ಕೇಳಿದ, "ತೆಗೆಯೋಕೆ ಮುಂಚೆ ಆ ಸಾಲನ್ನ ಒಂದ್ಸಲ ನೋಡ್ತೀಯಲ್ಲ?"

"ನೋಡ್ತೀನಿ ಅಪ್ಪ."

"ಹಾಗಾದ್ರೆ ಬರೋ ಸೆಪ್ಟೆಂಬರಿಂದ ಪ್ರತಿ ಶನಿವಾರ ಟಿವಿ ಹಚ್ಚಿರ್ತೀನಿ" ಅಂದ ಲೈಲ್.