ಕುಬಸದ ಬಳೆ, ರಾಡಿನ ಕಾಲು

ನಾಗವೇಣಿಯ ಕೈ ಬೆಚ್ಚಗಿದೆ, ಅರಿಸಿನದ ಜಿಡ್ಡು, ಏಳು ತಿಂಗಳ ಬಸುರಿಯ ಬಾತ ಬೆರಳುಗಳು, ಹೆಬ್ಬೆರಳಿನ ಗೆಣ್ಣಿನ ಮೇಲೆ ಬಂದು ಹಸಿರು ಬಳೆ ನಿಂತುಬಿಟ್ಟಿದೆ, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ — ಕುರ್ಚಿ, ಎಲ್ಲ ಈ ಕುರ್ಚಿಯದೇ ತಪ್ಪು, ಇದೇನು ಬಳೆಗಾರ್ತಿ ಕೂರುವ ಜಾಗವೇ, ದೇವದುರ್ಗದಲ್ಲಿ ಎಷ್ಟು ಮನೆಯ ಕುಬಸಕ್ಕೆ, ಬಸುರಿಯರ ಸೀಮಂತಕ್ಕೆ, ಬಳೆ ಇಟ್ಟೆ, ಎಲ್ಲಾ ನೆಲದ ಮೇಲೆ, ಒಂದು ಮೊಣಕಾಲು ಮಡಚಿ ಒಂದನ್ನು ಊರಿ, ಸೊಂಟದಿಂದ ಬಲ ತಂದು ಒಂದೇ ಒತ್ತಿಗೆ ಬಳೆ ಒಳಗೆ. ಈಗ ಕಾಲು ಮುರಿದ ಮೇಲೆ ಡಾಕ್ಟರು ನನಗೆ ನೆಲಕ್ಕೆ ಕೂರಬೇಡ ಅಂದಿದ್ದಾರೆ, ಕುರ್ಚಿಯಲ್ಲಿ ಬರೀ ಮೊಣಕೈ ಬಲ, ಆ ಬಲಕ್ಕೆ ಗಾಜು ಕಿರ್ ಎನ್ನುತ್ತಿದೆ, ಕುಬಸದ ಬಳೆ ಒಡೆದರೆ ಈ ಹುಡುಗಿಯ ಮುಖ ಹೇಗಾದೀತು. ಅಮ್ಮೀ, ಬಿಡ್ರಿ, ನಾ ಇಡ್ತೀನಿ — ಪಕ್ಕದಲ್ಲಿ ನನ್ನ ಸೊಸೆ ಮಿನಾಜ್, ಕೈಯಲ್ಲಿ ಆಗಲೇ ಪ್ಲಾಸ್ಟಿಕ್ ಚೀಲ, ಅದನ್ನು ಬಸುರಿಯ ಕೈಗೆ ತೊಡಿಸಿ ಸರ್ರನೆ ಬಳೆ ಜಾರಿಸುತ್ತಾಳಂತೆ, ಮೊಬೈಲಿನಲ್ಲಿ ಕಲಿತ ವಿದ್ಯೆ. ಒಳ್ಳೆಯ ಹುಡುಗಿ, ಆದರೆ ಇವತ್ತು ಅವಳಿಗೆ ಬಿಟ್ಟುಕೊಟ್ಟೆನೋ, ನಾಳೆಯಿಂದ ನಾನು ಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುವವಳು. ಇಲ್ಲ, ಬೇರೆಯವ್ರು ಬ್ಯಾಡ, ನನಗೂ ನೀನೇ ಇಟ್ಟೀ, ನನ್ನ ಮಗಳಿಗೂ ನೀನೇ ಇಡಬೇಕು ರಜಿಯಾ — ಇದು ಕನಕಮ್ಮ, ಆರತಿ ತಟ್ಟೆ ಹಿಡಿದು ನಿಂತಿದ್ದಾಳೆ, ನಾಗವೇಣಿ ಹೊಟ್ಟೆಯಲ್ಲಿದ್ದಾಗ ಇವಳ ಕೈಗೂ ನಾನೇ ಹಸಿರು ಬಳೆ ಇಟ್ಟಿದ್ದೆ. ಆ ದಿನವೂ ಒಂದು ಬಳೆ ಹೀಗೇ ಗೆಣ್ಣಿನ ಮೇಲೆ ನಿಂತಿತ್ತು.

ನಾನು ಬಿದ್ದದ್ದು ಬಚ್ಚಲಿನಲ್ಲಿ, ಸೋಪಿನ ನೀರು, ಅಷ್ಟೇ, ದೊಡ್ಡ ಕಥೆಯೇನಿಲ್ಲ — ಎಡತೊಡೆಯ ಬುಡದ ಎಲುಬು ಮುರಿಯಿತು, ರಾಯಚೂರಿನಲ್ಲಿ ಒಳಗೆ ರಾಡ್ ಹಾಕಿದರು, ಮರುದಿನವೇ ಡಾಕ್ಟರು ಬಂದು ಏಳ್ರಿ, ನಿಲ್ರಿ, ಕಾಲಿಗೆ ಭಾರ ಹಾಕ್ರಿ ಅಂದರು. ಅವರು ಅಂದದ್ದೊಂದೇ ಬಂತು, ಅವರ ಹಿಂದೆಯೇ ನಮ್ಮವರ ದಂಡು, ಮಾನ್ವಿಯ ನಾದಿನಿ, ಓಣಿಯ ಹೆಂಗಸರು, ಎಲ್ಲರ ಕೈಯಲ್ಲೂ ಮೋಸಂಬಿ, ಎಲ್ಲರ ಬಾಯಲ್ಲೂ ಒಂದೇ ಮಾತು, ಕಾಲು ನೆಲಕ್ಕ ಹಚ್ಚಬ್ಯಾಡ, ಸುಮ್ನ ಮಲಕೋ, ನಾವು ಅದೀವಲ್ಲ. ಪ್ರೀತಿ ಹೀಗೆ ಬುಟ್ಟಿಗಟ್ಟಲೆ ಬಂದರೆ ಯಾರು ಬೇಡವೆಂದಾರು, ನಾನೂ ಬೇಗಂ ಹಾಗೆ ಮಲಗಿದೆ, ಅತ್ತ ತೊಡೆ ಸೊರಗಿ ಹೋಯಿತು. ಆಮೇಲೆ ವಾಕರ್ ಹಿಡಿದು ಮನೆಯೆಲ್ಲ ಓಡಾಡಿದೆ, ನೋಡಿದವರೆಲ್ಲ ಮಾಷಾ ಅಲ್ಲಾ ಅಂದರು, ನಾನೂ ನಂಬಿದೆ. ಕಾಲಿನ ಕಸರತ್ತು ಮಾಡಿಸಲು ಬಂದ ಕೃಷ್ಣನೊಬ್ಬ ನಂಬಲಿಲ್ಲ, ಗೋಡೆಗೆ ಒರಗಿ ಕಣ್ಣು ಮುಚ್ಚಿ ಕಿವಿಗೊಟ್ಟ — ಯವ್ವಾ, ಎಡಗಾಲು ಊರೂ ಹೊತ್ತಿಗೆ ನಿಮ್ಮ ಕೈಯಾಗಿನ ಬಳಿ ವಾಕರಿಗೆ ಬಡೀತಾವ, ಬಲಗಾಲಿಗೆ ಸುಮ್ನ ಇರ್ತಾವ, ಅಂದ್ರ ನೀವು ಕಾಲಿಲೆ ನಡ್ಯಾಕತ್ತಿಲ್ಲ, ಕೈಯಿಲೆ ನಡ್ಯಾಕತ್ತೀರಿ. ಬಳೆಗಾರ್ತಿಗೇ ಬಳೆಯ ಸಪ್ಪಳದ ಪಾಠ, ಮೈಯೆಲ್ಲ ಉರಿಯಿತು, ಅವನು ಗೇಟು ದಾಟಿದ ಮೇಲೆ ನಗು ತಡೆಯಲಾಗಲಿಲ್ಲ. ಅಂದಿನಿಂದ ಬಳೆ ಸದ್ದಾಗದಂತೆ ನಡೆಯುವುದೇ ನನ್ನ ಕೆಲಸ, ದಿನಾ ಇಷ್ಟಿಷ್ಟು ಭಾರ ಎಡಗಾಲಿಗೆ ದಾಟಿಸಿದೆ. ಆದರೆ ಎರಡೂ ಕೈ ಬಿಟ್ಟು ನಿಂತದ್ದು ಇಲ್ಲ. ಬಿಡಬಹುದ್ರೀ, ಎಲುಬು ಕೂಡ್ಯದ, ಇನ್ನ ಅಂಜಿಕಿ ಒಂದೇ ಉಳದದ ಅಂದ ಮೊನ್ನೆ, ಅವನಿಗೇನು ಗೊತ್ತು ಅಂಜಿಕೆಯ ತೂಕ.

ಮಿನಾಜ್, ವಾಕರ್ ತಾ — ನನ್ನದೇ ದನಿ, ಕೇಳಿ ನನಗೇ ಆಶ್ಚರ್ಯ, ಮಿನಾಜ್ ಚೀಲ ಮಡಚಿ ವಾಕರ್ ಸರಿಸಿದಳು, ಎದ್ದೆ, ನಾಗವೇಣಿ ಕೂತಲ್ಲಿಂದಲೇ ಕೈಯನ್ನು ವಾಕರಿನ ಮೇಲಿನಿಂದ ಚಾಚಿದಳು, ಬಳೆ ಇನ್ನೂ ಗೆಣ್ಣಿನ ಮೇಲೆಯೇ. ಗೆಣ್ಣು ಅದುಮಲು ಒಂದು ಕೈ ಬೇಕು, ಬಳೆ ನೂಕಲು ಇನ್ನೊಂದು, ವಾಕರಿಗೆ ನಾನು ಮೂರನೆಯ ಕೈ ಎಲ್ಲಿಂದ ತರಲಿ. ಎಡಗೈ ಬಿಟ್ಟೆ. ಬಚ್ಚಲಲ್ಲಿ ಕೇಳಿದ ಆ ಲಟಕ್ ಸದ್ದು ತಲೆಯಲ್ಲಿ, ಯಾ ಅಲ್ಲಾ, ಸುಮ್ಮನೆ ಕೂರಬಾರದೇ ಮುದುಕಿ — ಮೌಸಿ, ಕೈ ನೋಯಾಕತ್ತದ, ಲಗೂ ಇಡ್ರಿ, ನಾಗವೇಣಿ ನಗುತ್ತ ಅಂದಳು, ನೋವು ಅಂದಾಕ್ಷಣ ನನ್ನ ಕಾಲು, ರಾಡು, ಡಾಕ್ಟರು ಎಲ್ಲ ಮರೆತುಹೋಯಿತು, ತಡಿ ಯವ್ವಾ ತಡಿ, ಬೆರಳು ಸಡಿಲ ಬಿಡು, ಗೆಣ್ಣು ಅದುಮಿ ಹೆಬ್ಬೆರಳನ್ನು ಒಳಗೆ ಮಡಚಿ ಸೊಂಟದಿಂದ ಒತ್ತಿದೆ, ಆ ಹಳೆಯ ಬಲ, ನೆಲದಲ್ಲಿ ಕೂತಾಗಿನದೇ ಬಲ, ಅಂಗಾಲಿನಿಂದ ಎದ್ದು ತೊಡೆ ಹತ್ತಿ ಬೆನ್ನು ಹತ್ತಿ ಬೆರಳಿಗೆ ಬಂತು, ಬಳೆ ಗೆಣ್ಣು ದಾಟಿತು. ಎಷ್ಟು ಸುಖ, ಒಂದು ಬಳೆ ದಾಟಿದರೆ ಎಷ್ಟು ಸುಖ. ರಜಿಯಾ, ನೀ ಏನೂ ಹಿಡಕೊಂಡಿಲ್ಲ ಬೇ — ಕನಕಮ್ಮನ ಪಿಸುದನಿ, ಎಲ್ಲರೂ ನೋಡುತ್ತಿದ್ದಾರೆ, ಮಿನಾಜ್ ಬಾಯಿಗೆ ಸೆರಗು ಇಟ್ಟುಕೊಂಡಿದ್ದಾಳೆ, ನಾನು ಕೆಳಗೆ ನೋಡುವುದಿಲ್ಲ, ಕುಣಿಯಬೇಕೆನಿಸುತ್ತದೆ, ಕುಣಿದರೆ ಬಿದ್ದೇನು, ಇನ್ನೊಂದು ಬಳೆ ಕೊಡು ಮಿನಾಜ್, ಇನ್ನೊಂದು, ಬಂತು, ಬೆರಳು ದಾಟಿತು, ಗೆಣ್ಣಿನ ಮೇಲೆ ಬಂದು ನಿಂತಿತು, ನಿಲ್ಲಲಿ, ಅವಸರವೇನಿದೆ, ನಾನೂ ನಿಂತಿದ್ದೇನೆ, ಎರಡೂ ಕಾಲ ಮೇಲೆ, ಬಾತ ಗೆಣ್ಣು, ಅದರ ಮೇಲೆ ಹಸಿರು ಬಳೆ, ಗೆಣ್ಣಿನ ಮೇಲೆ ಹಸಿರು ಬಳೆ —